ಓದಿದರಾ, ಇಲ್ವಾ? ಲಿಂಕ್ಡ್‌ಇನ್ ಮೆಸೇಜಿಗೆ ಓದಿದ ಗುರುತು ಬರದಿದ್ದರೆ ಏನೇನು ನೋಡಬೇಕು

ಒಂದು ಭಾನುವಾರ ಬೆಳಿಗ್ಗೆ ಮಂಡ್ಯದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಮೆಸೇಜ್ ಹೋಗದೆ. ಓದಿದ್ ಗುರ್ತು ಮಾತ್ರ ಬಂದಿಲ್ಲ ಕಣ್ ಮಾವ. ಅವ್ರು ನೋಡ್‌ಬುಟ್ಟು ಸುಮ್ನವ್ರಾ, ಇಲ್ಲ ನನ್ ಫೋನೇ ಕೆಟ್ಟೋಗದಾ?"

ಇಂಜಿನಿಯರಿಂಗ್ ಮುಗಿಸಿ ಆರು ತಿಂಗಳಾಗಿತ್ತು. ಕೆಲಸ ಹುಡುಕುವವರೂ ಕೊಡುವವರೂ ಸೇರುವ ಲಿಂಕ್ಡ್‌ಇನ್‌ನಲ್ಲಿ ಬೆಂಗಳೂರಿನ ಒಬ್ಬ ಮ್ಯಾನೇಜರಿಗೆ ಮೆಸೇಜ್ ಹಾಕಿ ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಚಾಟನ್ನು ಎಷ್ಟು ಸಲ ತೆರೆದು ನೋಡಿದ್ದನೋ, ಅವನಿಗೇ ಲೆಕ್ಕವಿಲ್ಲ.

ನಾನು ಮೈಸೂರಿನ ಹೂಟಗಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಅಂದರೆ ಇಂಥ ಮೆಸೇಜುಗಳು ಬಂದು ಬೀಳುವ ಕಡೆ ಕೂತವನು. ಅಕ್ಕನ ಮಕ್ಕಳು, ಅವರ ಸ್ನೇಹಿತರು ಅಂತ ಕಳಿಸುವವರ ಗೋಳನ್ನೂ ಕೇಳುತ್ತಿರುತ್ತೇನೆ. ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ. ಗುರುತಿಗೆ ಇಲ್ಲದ ಅರ್ಥವನ್ನು ನಾವು ಹಚ್ಚಿರುತ್ತೇವೆ. ಹಾಗಂತ ಸುಮ್ನೆ ಕೂರಬೇಕಿಲ್ಲ, ಎರಡು ನಿಮಿಷದ ಪರೀಕ್ಷೆಗಳು ಕೆಲವು ಇವೆ.

ಮೊದಲು, ಯಾವ ಗುರುತು ಏನು

ವಾಟ್ಸಾಪಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದು ಬೂದು ಟಿಕ್ ಅಂದರೆ ಹೋಯಿತು, ಎರಡಾದರೆ ತಲುಪಿತು, ನೀಲಿಯಾದರೆ ಓದಿದರು. ಲಿಂಕ್ಡ್‌ಇನ್‌ನಲ್ಲಿ ನೀಲಿ ಟಿಕ್ ಇಲ್ಲವೇ ಇಲ್ಲ. ಕಳಿಸಿದ ಮೆಸೇಜಿನ ಪಕ್ಕ ಚಿಕ್ಕ ಟಿಕ್ ಬಂದರೆ ಅದು ಹೋಗಿದೆ ಅಂತ ಅರ್ಥ. ಆಚೆಯವರು ಚಾಟ್ ತೆರೆದಾಗ ಅವರ ಪ್ರೊಫೈಲ್ ಫೋಟೋ ಬಟಾಣಿ ಕಾಳಿನಷ್ಟು ಚಿಕ್ಕದಾಗಿ ನಿಮ್ಮ ಮೆಸೇಜಿನ ಕೆಳಗೆ ಬಲಗಡೆ ಬಂದು ಕೂರುತ್ತದೆ. ಎಲ್ಲಿಯವರೆಗೆ ನೋಡಿದ್ದಾರೋ ಅಲ್ಲಿ. ನಾಲ್ಕೈದು ಜನರ ಗುಂಪಿನ ಚಾಟಾದರೆ ನೋಡಿದವರ ಫೋಟೋಗಳೆಲ್ಲ ಬರುತ್ತವೆ. ಅವರು ಬರೆಯುತ್ತಿದ್ದರೆ ಮೂರು ಚುಕ್ಕಿ ಕುಣಿಯುತ್ತದೆ.

ಇನ್ನೊಂದು ಮಾತು. ಫೋಟೋ ಬಂದರೆ ಚಾಟ್ ತೆರೆದಿದೆ ಅಂತ ಮಾತ್ರ ಹೇಳಬಹುದು. ಕಣ್ಣಾಡಿಸಿದರಾ, ಪೂರ್ತಿ ಓದಿದರಾ, ಅದು ಆ್ಯಪಿಗೆ ಗೊತ್ತಾಗುವುದಿಲ್ಲ.

"ಟಿಕ್ ಇದೆ, ಫೋಟೋ ಇಲ್ಲ"

ಜಾಸ್ತಿ ಜನ ಕೇಳುವುದು ಇದನ್ನೇ. ಅಕ್ಕನ ಮಗನದ್ದೂ ಇದೇ.

ದುಡ್ಡು ಕಾಸು, ಶ್ರಮ ಏನೂ ಬೇಡದ ಪರೀಕ್ಷೆ ಮೊದಲು. ಆ ಒಂದು ಚಾಟನ್ನು ಬಿಟ್ಟು ಬೇರೆ ಚಾಟುಗಳನ್ನು ತೆರೆಯಿರಿ. ಸ್ನೇಹಿತರಿಗೆ, ಸೀನಿಯರುಗಳಿಗೆ ಕಳಿಸಿದ ಹಳೆಯ ಮೆಸೇಜುಗಳ ಕೆಳಗೆ ಚಿಕ್ಕ ಫೋಟೋ ಎಲ್ಲಾದರೂ ಇದೆಯಾ ನೋಡಿ.

ಎಲ್ಲೂ ಇಲ್ಲ ಅಂದರೆ ತೊಂದರೆ ನಿಮ್ಮ ಕಡೆಯದು. ನಿಮ್ಮದೇ ಗುರುತು ಆಫ್ ಆಗಿದೆ. ಲಿಂಕ್ಡ್‌ಇನ್ ಇಲ್ಲಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಟ್ಟಿದೆ. ನಾವು ಓದಿದ್ದನ್ನು ಇತರರಿಗೆ ತೋರಿಸದಿದ್ದರೆ, ಇತರರು ಓದಿದ್ದನ್ನು ನಮಗೂ ತೋರಿಸುವುದಿಲ್ಲ. ನಿಮ್ಮ ಪ್ರೊಫೈಲ್ ಫೋಟೋ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಡೇಟಾ ಪ್ರೈವೆಸಿ, ಅದರೊಳಗೆ ರೀಡ್ ರಿಸೀಟ್ಸ್ ಅಂಡ್ ಟೈಪಿಂಗ್ ಇಂಡಿಕೇಟರ್ಸ್. ಅದು ಆನ್ ಇರಬೇಕು. ಖಾತೆ ತೆರೆದಾಗ ತಾನಾಗಿ ಆನ್ ಇರುತ್ತದೆ. ಆಫ್ ಆಗಿದ್ದರೆ ಯಾವತ್ತೋ ನೀವೇ ಮಾಡಿದ್ದೀರಿ, ಇಲ್ಲ ನಿಮ್ಮ ಫೋನ್ ಹಿಡಿದ ಬುದ್ಧಿವಂತ ಸ್ನೇಹಿತ ಮಾಡಿದ್ದಾನೆ. ನಮ್ಮ ಹುಡುಗನದ್ದು ಆಫ್ ಆಗಿತ್ತು. ಕಾಲೇಜಿನಲ್ಲಿದ್ದಾಗ ಪ್ರಾಜೆಕ್ಟ್ ಗುಂಪಿನವರ ಕಾಟ ತಡೆಯಲಾರದೆ ಆಫ್ ಮಾಡಿ ಮರೆತೇಬಿಟ್ಟಿದ್ದ.

ಕೆಲವರ ಕೆಳಗೆ ಫೋಟೋ ಇದೆ, ಈ ಒಬ್ಬರದ್ದು ಮಾತ್ರ ಇಲ್ಲ ಅಂದರೆ ನಿಮ್ಮ ಸೆಟ್ಟಿಂಗ್ ಸರಿಯಿದೆ. ಇನ್ನು ಫೋನ್ ರೀಸ್ಟಾರ್ಟ್ ಮಾಡುವುದು, ಆ್ಯಪ್ ತೆಗೆದು ಮತ್ತೆ ಹಾಕುವುದು ಎಲ್ಲ ಸಮಯ ದಂಡ. ಕಾರಣ ಆಚೆ ಕಡೆ ಇದೆ. ಮುಂದಿನ ಪ್ರಶ್ನೆ: ಈ ವ್ಯಕ್ತಿ ನಿಮ್ಮ ಕನೆಕ್ಷನ್ ಆಗಿದ್ದಾರಾ, ಅಂದರೆ ಒಬ್ಬರ ಕೋರಿಕೆಯನ್ನು ಇನ್ನೊಬ್ಬರು ಒಪ್ಪಿ ಪರಿಚಯದ ಪಟ್ಟಿಗೆ ಸೇರಿಸಿಕೊಂಡಿದ್ದೀರಾ?

ಕನೆಕ್ಷನ್ ಆದವರಿಗೆ ಕಳಿಸಿದ್ದು ನೇರ ಅವರ ಇನ್‌ಬಾಕ್ಸಿಗೆ ಹೋಗುತ್ತದೆ. ಆಗದವರಿಗೆ ಕಳಿಸಿದ್ದು ಬಾಗಿಲ ಹೊರಗೆ ನಿಂತ ನೆಂಟನ ಹಾಗೆ. ಒಂದೇ ಗ್ರೂಪಿನಲ್ಲಿ ಇಬ್ಬರೂ ಇದ್ದಾರೆ ಅಂತ ಕಳಿಸಿದರೆ ಅದು ಮೆಸೇಜ್ ರಿಕ್ವೆಸ್ಟ್ ಆಗಿ ಬೇರೆ ಕಡೆ ಕೂರುತ್ತದೆ. ಪ್ರೀಮಿಯಂ ದುಡ್ಡು ಕಟ್ಟಿ ಕಳಿಸುವ ಇನ್‌ಮೇಲ್ ಕೂಡ ಹೀಗೇ. ಅವರು ಒಪ್ಪಿಕೊಳ್ಳುವ ತನಕ, ಇಲ್ಲ ಉತ್ತರ ಬರೆಯುವ ತನಕ ನಿಮಗೆ ಓದಿದ ಗುರುತು ಬರುವುದಿಲ್ಲ. ಹತ್ತು ಸಲ ಓದಿರಬಹುದು, ನಿಮ್ಮ ಕಡೆ ಟಿಕ್ ಒಂದೇ ಕಾಣುತ್ತದೆ. ಇದು ದೋಷವಲ್ಲ, ವ್ಯವಸ್ಥೆಯೇ ಹಾಗಿದೆ. ಗುರುತು ಪರಿಚಯ ಇಲ್ಲದವರು ನಮ್ಮ ಮೇಲೆ ಕಣ್ಣಿಡಬಾರದು, ಅಲ್ವಾ? ಸ್ವೀಕರಿಸುವ ಕಡೆ ಕೂತವನಾಗಿ ನನಗೆ ಇದು ಸರಿ ಅನ್ನಿಸುತ್ತದೆ.

ಇನ್‌ಮೇಲ್ ಬಳಸುವವರಿಗೆ ಒಂದು ಲೆಕ್ಕ: ಒಂದೊಂದು ಇನ್‌ಮೇಲಿಗೂ ಕ್ರೆಡಿಟ್ ಖರ್ಚಾಗುತ್ತದೆ, 90 ದಿನದೊಳಗೆ ಉತ್ತರ ಬಂದರೆ ಅದು ವಾಪಸ್ ಸಿಗುತ್ತದೆ. ಹಾಗಾಗಿ ಕ್ರೆಡಿಟ್ ಬಂದಿಲ್ಲ ಅಂತ ಗಾಬರಿಯಾಗಿ ಅವರಿಗೇ ಇನ್ನೊಂದು ಇನ್‌ಮೇಲ್ ಖರ್ಚು ಮಾಡಬೇಡಿ.

ಕನೆಕ್ಷನ್ ಆಗಿದ್ದಾರೆ, ಆದರೂ ಫೋಟೋ ಬಂದಿಲ್ಲ. ಈಗ ಉಳಿಯುವುದು ಮೂರು ಸಾಧ್ಯತೆ. ಅವರು ಇನ್ನೂ ತೆರೆದಿಲ್ಲ. ಅವರ ಗುರುತು ಆಫ್ ಇದೆ. ಇಲ್ಲವೇ ತೆರೆಯದೆಯೇ ಓದಿದ್ದಾರೆ.

ಈ ಮೂರನೆಯದು ನಾನು ದಿನಾ ಮಾಡುವ ಕೆಲಸ. ಬೆಳಿಗ್ಗೆ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಫೋನಿನ ಪರದೆ ಮೇಲೆ ನೋಟಿಫಿಕೇಶನ್ ಸಾಲು ನಿಂತಿರುತ್ತದೆ. ಹೆಸರು, ಮೊದಲ ಏಳೆಂಟು ಪದ. ಅಷ್ಟು ಓದಿ ಯಾವುದು ಈಗ, ಯಾವುದು ಮಧ್ಯಾಹ್ನ ಅಂತ ವಿಂಗಡಿಸುತ್ತೇನೆ. ಕೆಲವು ಇಮೇಲಿಗೆ ಬಂದಿರುತ್ತವೆ, ಅಲ್ಲೇ ಓದುತ್ತೇನೆ. ಯಾವ ಚಾಟನ್ನೂ ತೆರೆದಿಲ್ಲ, ಯಾರಿಗೂ ನನ್ನ ಫೋಟೋ ಹೋಗಿಲ್ಲ. ಆದರೆ ಓದಿದ್ದು ಓದಿದ್ದೇ.

ಇದರಿಂದ ನಿಮಗೊಂದು ಉಪಯೋಗ ಇದೆ. ಆ ಮೊದಲ ಏಳೆಂಟು ಪದವನ್ನು ಜನ ಹೇಗೆ ಹಾಳು ಮಾಡುತ್ತಾರೆ ಗೊತ್ತಾ? "ನಮಸ್ತೆ ಸರ್, ಹೇಗಿದ್ದೀರಿ, ತಮ್ಮ ಅಮೂಲ್ಯ ಸಮಯದಲ್ಲಿ..." ಅಲ್ಲಿಗೆ ಸಾಲು ಮುಗಿಯಿತು. ಕೆಲಸದ ವಿಷಯ ಒಳಗೆ ಉಳಿಯಿತು. ಅದರ ಬದಲು "ಸರ್, ಮೇಂಟೆನೆನ್ಸ್ ಇಂಜಿನಿಯರ್ ಹುದ್ದೆ ಬಗ್ಗೆ, ಮಂಡ್ಯದಿಂದ" ಅಂತ ಶುರು ಮಾಡಿದರೆ ಹೆಲ್ಮೆಟ್ ತೆಗೆಯುವಷ್ಟರಲ್ಲೇ ವಿಷಯ ನನ್ನ ತಲೆಗೆ ಹೋಗಿರುತ್ತದೆ. ಕಳಿಸಿ ಆಯ್ತಲ್ಲ ಅನ್ನಬೇಡಿ. ಕಳಿಸಿದ 60 ನಿಮಿಷದೊಳಗೆ ಮೆಸೇಜನ್ನು ತಿದ್ದಬಹುದು, ಅಳಿಸಲೂಬಹುದು. ಆಮೇಲೆ ಆಗುವುದಿಲ್ಲ.

ಅವರ ಇನ್‌ಬಾಕ್ಸ್ ಫೋಕಸ್ಡ್ (ಮುಖ್ಯವಾದವು), ಅದರ್ (ಉಳಿದವು) ಅಂತ ಎರಡು ಭಾಗ ಆಗಿರುವ ಸಾಧ್ಯತೆಯೂ ಇದೆ. ಅದರ್‌ಗೆ ಬಿದ್ದದ್ದನ್ನು ನಾನೂ ವಾರಕ್ಕೊಮ್ಮೆ ನೋಡಿದರೆ ಹೆಚ್ಚು. ನಿಮ್ಮ ಕಡೆಯಿಂದ ಇದನ್ನು ಸರಿ ಮಾಡಲು ಆಗದು.

"ಟಿಕ್ಕೂ ಬಂದಿಲ್ಲ"

ಇದು ನಿಜವಾದ ದೋಷ, ಆದರೆ ಸಣ್ಣದು. ಮೆಸೇಜ್ ನಿಮ್ಮ ಫೋನನ್ನೇ ಬಿಟ್ಟಿಲ್ಲ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವವರಿಗೆ ಇದು ಗೊತ್ತು. ಪಾಂಡವಪುರ ಬಿಟ್ಟ ಮೇಲೆ ನನ್ನ ಫೋನಿನಲ್ಲಿ ಎಷ್ಟೋ ಸಲ ನೆಟ್‌ವರ್ಕ್ ಕಡ್ಡಿ ಪೂರ್ತಿ ಇರುತ್ತದೆ, ಒಂದು ಮೆಸೇಜೂ ಕದಲುವುದಿಲ್ಲ.

ಕಳಿಸುವ ಬಟನ್ನನ್ನು ಮತ್ತೆ ಮತ್ತೆ ಒತ್ತಬೇಡಿ. ನೆಟ್‌ವರ್ಕ್ ಬಂದ ಕೂಡಲೇ ಒಂದೇ ಮಾತು ಮೂರು ಸಲ ಹೋಗಿ ಬೀಳಬಹುದು. ಒಬ್ಬ ಹುಡುಗನ "ಸರ್ ಪ್ಲೀಸ್ ಕನ್ಸಿಡರ್" ನನಗೆ ಹೀಗೆ ಐದು ಸಲ ಬಂದಿತ್ತು. ಅವನ ತಪ್ಪಲ್ಲ ಅಂತ ಗೊತ್ತಿದ್ದರೂ ನಗು ಬಂತು. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ವೈಫೈ ಸಿಗುವ ಕಡೆ ಹೋಗಿ. ಅದೇ ಖಾತೆಯನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಮೆಸೇಜ್ ಅಲ್ಲಿ ಕಾಣುತ್ತದಾ ನೋಡಿ. ಅಲ್ಲಿ ಕಂಡರೆ ಹೋಗಿದೆ, ನಿಮ್ಮ ಆ್ಯಪ್ ಹಿಂದೆ ಬಿದ್ದಿದೆ, ಅಪ್‌ಡೇಟ್ ಮಾಡಿ. ಅಲ್ಲೂ ಕಾಣದಿದ್ದರೆ ಮಾತ್ರ ಮತ್ತೆ ಕಳಿಸಿ.

"ಫೋಟೋ ಬಂತು, ಉತ್ತರ ಬಂದಿಲ್ಲ"

ಇಲ್ಲಿ ಯಂತ್ರದ ಕೆಲಸ ಮುಗಿದಿದೆ. ಆದರೂ ಒಂದು ವಿಚಿತ್ರ ಹೇಳಲೇಬೇಕು. ಕಂಪ್ಯೂಟರಿನಲ್ಲಿ ಲಿಂಕ್ಡ್‌ಇನ್‌ನ ಮೆಸೇಜಿಂಗ್ ಪುಟಕ್ಕೆ ಹೋದರೆ ಎಲ್ಲಕ್ಕಿಂತ ಮೇಲಿರುವ ಚಾಟ್ ತಾನಾಗಿಯೇ ತೆರೆದುಕೊಳ್ಳುತ್ತದೆ. ನಾನು ಇನ್ಯಾರದ್ದೋ ಹಳೆಯ ಮೆಸೇಜ್ ಹುಡುಕಲು ಹೋಗಿರುತ್ತೇನೆ. ಅಷ್ಟರಲ್ಲಿ ಈಗಷ್ಟೇ ಮೆಸೇಜ್ ಹಾಕಿದವರ ಚಾಟ್ ತೆರೆದು, ಅವರ ಕಡೆ ನನ್ನ ಫೋಟೋ ಕೂತುಬಿಟ್ಟಿರುತ್ತದೆ. ನಾನು ಒಂದಕ್ಷರ ಓದಿರುವುದಿಲ್ಲ. ಚಾಟ್ ತೆರೆದಿಟ್ಟು ಕಾಫಿಗೆ ಎದ್ದು ಹೋದರೂ ಅಷ್ಟೇ.

ಹಾಗಾಗಿ ಫೋಟೋ ಬಂದ ಹತ್ತು ನಿಮಿಷಕ್ಕೆ "ಸರ್, ನೋಡಿದ್ರಲ್ಲ?" ಅಂತ ಹಾಕಬೇಡಿ. ಇದು ನನ್ನ ಕಳಕಳಿಯ ಕೋರಿಕೆ. ಒಂದು ವಾರ ಬಿಡಿ. ವಾರವಾದ ಮೇಲೆ ಒಂದೇ ಒಂದು ಸಲ ನೆನಪಿಸಿ, ಹೊಸ ಸಂಗತಿ ಏನಾದರೂ ಸೇರಿಸಿ. ರೆಸ್ಯೂಮೆ ಬದಲಾಗಿದ್ದರೆ ಅದು, ಕೋರ್ಸ್ ಮುಗಿಸಿದ್ದರೆ ಅದು. ಓದಿದ ಗುರುತಿನ ಸುದ್ದಿಯನ್ನೇ ಎತ್ತಬೇಡಿ. ಅದಕ್ಕೂ ಉತ್ತರ ಬರದಿದ್ದರೆ ಈ ದಾರಿ ಮುಗಿಯಿತು. ಕಂಪನಿಯ ಕೆರಿಯರ್ಸ್ ಪುಟ ಇದೆ, ಅಲ್ಲಿ ಕೆಲಸ ಮಾಡುವ ಸೀನಿಯರುಗಳು ಇದ್ದಾರೆ. ಅತ್ತ ಹೋಗಿ.

"ಮೂರು ಚುಕ್ಕಿ ಕುಣಿದು ನಿಂತುಬಿಡ್ತು"

ಬರೆಯಲು ಶುರು ಮಾಡಿದರು, ನಿಲ್ಲಿಸಿದರು. ಫೋನ್ ಬಂದಿರಬಹುದು. ಮೇಲಧಿಕಾರಿಯನ್ನು ಕೇಳಿ ಹೇಳೋಣ ಅಂದುಕೊಂಡಿರಬಹುದು. ಇದರಲ್ಲಿ ಪರೀಕ್ಷೆ ಮಾಡುವಂಥದ್ದು ಏನೂ ಇಲ್ಲ. ಚುಕ್ಕಿ ಮತ್ತು ಓದಿದ ಗುರುತು ಎರಡಕ್ಕೂ ಇರುವುದು ಒಂದೇ ಸ್ವಿಚ್, ಒಂದನ್ನಿಟ್ಟು ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

"ಹಸಿರು ಚುಕ್ಕಿ ಇದೆ, ಆದರೂ ಓದ್ತಿಲ್ಲ"

ಅವರ ಪ್ರೊಫೈಲ್ ಫೋಟೋಗೆ ಅಂಟಿಕೊಂಡಂತೆ ಪೂರ್ತಿ ಹಸಿರು ತುಂಬಿದ ಚುಕ್ಕಿ ಇದ್ದರೆ ಈಗ ಲಿಂಕ್ಡ್‌ಇನ್‌ನಲ್ಲಿ ಇದ್ದಾರೆ. ಬಳೆಯ ಹಾಗೆ ನಡುವೆ ಖಾಲಿ ಇರುವ ಹಸಿರು ಉಂಗುರವಾದರೆ ಈಗ ಇಲ್ಲ, ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ ಅಷ್ಟೇ. ಈ ವ್ಯತ್ಯಾಸ ಗೊತ್ತಿಲ್ಲದೆ ರಾತ್ರಿ ಹನ್ನೊಂದಕ್ಕೆ "ಆನ್‌ಲೈನ್ ಇದ್ದೀರಲ್ಲ ಮೇಡಂ" ಅಂದವರಿದ್ದಾರೆ. ಹಸಿರು ಚುಕ್ಕಿಗೆ ಸೆಟ್ಟಿಂಗ್ ಬೇರೆ. ಓದಿದ ಗುರುತು ಆಫ್ ಮಾಡಿದವರ ಚುಕ್ಕಿ ಹಸಿರಾಗಿಯೇ ಇರಬಹುದು.

"ಹೆಸರೇ ಹೋಗಿ 'ಲಿಂಕ್ಡ್‌ಇನ್ ಮೆಂಬರ್' ಅಂತ ಬಂದಿದೆ"

ಫೋಟೋ ಮಾಯ, ಹೆಸರೂ ಮಾಯ. ಸಾಮಾನ್ಯವಾಗಿ ಅವರು ಖಾತೆ ಮುಚ್ಚಿದ್ದಾರೆ, ಇಲ್ಲವೇ ಸ್ವಲ್ಪ ದಿನಕ್ಕೆ ನಿಲ್ಲಿಸಿದ್ದಾರೆ. ಬ್ಲಾಕ್ ಮಾಡಿದ್ದರೂ ಅವರ ಪ್ರೊಫೈಲ್ ನಿಮಗೆ ಸಿಗುವುದಿಲ್ಲ. ಯಾವುದು ಅಂತ ಕಂಡುಹಿಡಿಯಲು ಬೇರೆ ಖಾತೆ ತೆರೆದು ಹುಡುಕಲು ಹೋಗಬೇಡಿ. ಬ್ಲಾಕ್ ಆಗಿದ್ದರೆ ಅದು ಅವರ ಮಾತು, ಅಲ್ಲಿಗೆ ಬಿಡಿ. ಆದರೆ ಆ ವ್ಯಕ್ತಿ ಕೆಲಸ ಕೊಡಿಸುತ್ತೇನೆ ಅಂತ ನಿಮ್ಮಿಂದ ದುಡ್ಡು ತೆಗೆದುಕೊಂಡು ಹೀಗೆ ಮಾಯವಾಗಿದ್ದರೆ ಕೆಳಗೆ ಕೊನೆಯ ಭಾಗಕ್ಕೆ ನೇರ ಹೋಗಿ, ಈಗಲೇ.

"ನಾನು ಓದಿದ್ದು ಅವರಿಗೆ ಗೊತ್ತಾಗಿಬಿಟ್ಟಿದೆಯಾ?"

ಅಕ್ಕನ ಮಗನ ಕತೆ ಮುಂದೆ ಏನಾಯ್ತು ಅಂದರೆ, ಸ್ವಿಚ್ ಆನ್ ಮಾಡಿದ ಮೇಲೆ ಇತರರ ಫೋಟೋ ಕಂಡವು, ಆ ಮ್ಯಾನೇಜರದ್ದು ಬರಲಿಲ್ಲ. ಕೇಳಿದರೆ ಅವರು ಕನೆಕ್ಷನ್ನೇ ಅಲ್ಲ. ಒಂದು ಗ್ರೂಪಿನ ಮೂಲಕ ಕಳಿಸಿದ್ದ. ಸರಿ, ಕನೆಕ್ಷನ್ ಕೋರಿಕೆಯನ್ನು ಒಂದು ಚಿಕ್ಕ ಟಿಪ್ಪಣಿ ಜೊತೆ ಕಳಿಸು ಅಂದೆ. ದುಡ್ಡು ಕಟ್ಟದ ಖಾತೆಯಲ್ಲಿ ಆ ಟಿಪ್ಪಣಿಗೆ 200 ಅಕ್ಷರ ಮಿತಿ. ಕನ್ನಡದಲ್ಲಿ ಬರೆದರೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬಂದು ಇನ್ನೂ ಬೇಗ ತುಂಬುತ್ತದೆ. ಕಳಿಸುವ ಮುಂಚೆ ಯೋಚಿಸಿ, ಯಾಕೆಂದರೆ ಕೋರಿಕೆ ವಾಪಸ್ ತೆಗೆದರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಕಾಯಬೇಕಾಗುತ್ತದೆ. ಒಂಬತ್ತನೇ ದಿನ ಅವರು ಒಪ್ಪಿಕೊಂಡರು, ಜೊತೆಗೆ ಎರಡು ಸಾಲಿನ ಉತ್ತರವನ್ನೂ ಹಾಕಿದರು.

ರಾತ್ರಿ ಮತ್ತೆ ಫೋನ್. "ಮಾವ, ಅವ್ರು ಸಂಬಳ ಎಷ್ಟು ನಿರೀಕ್ಷೆ ಅಂತ ಕೇಳವ್ರೆ. ನಾನು ತೆಗ್ದು ನೋಡ್‌ಬುಟ್ಟೆ. ಈಗ ಅವ್ರಿಗೆ ಗೊತ್ತಾಗ್‌ಬುಟ್ಟಿರ್ತದಾ?"

ಗೊತ್ತಾಗಿರುತ್ತದೆ, ಅವರ ಗುರುತೂ ಆನ್ ಇದ್ದರೆ. ಒಮ್ಮೆ ಹೋದ ಗುರುತನ್ನು ವಾಪಸ್ ಕರೆಯಲು ಆಗುವುದಿಲ್ಲ. ಮೆಸೇಜನ್ನು 'ಓದಿಲ್ಲ' ಅಂತ ಗುರುತು ಹಾಕಿದರೆ ನಿಮ್ಮ ಪಟ್ಟಿಯಲ್ಲಿ ಮಾತ್ರ ದಪ್ಪ ಅಕ್ಷರಕ್ಕೆ ಬರುತ್ತದೆ. ಅವರ ಕಡೆ ಕೂತ ನಿಮ್ಮ ಫೋಟೋ ಏಳುವುದಿಲ್ಲ. ಯೋಚಿಸಲು ಸಮಯ ಬೇಕು ಅಂದರೆ "ನೋಡಿದೆ ಸರ್, ನಾಳೆ ಬೆಳಿಗ್ಗೆ ಉತ್ತರಿಸುತ್ತೇನೆ" ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಕೇಳಿದವರು ಅಷ್ಟಕ್ಕೇ ಸಮಾಧಾನವಾಗುತ್ತಾರೆ, ನಾನಂತೂ ಆಗುತ್ತೇನೆ.

ಇನ್ನು ಮುಂದೆ ಯಾರಿಗೂ ತಿಳಿಯುವುದು ಬೇಡ ಅಂದರೆ ಮೇಲೆ ಹೇಳಿದ ಸ್ವಿಚ್ಚನ್ನೇ ಆಫ್ ಮಾಡಿ. ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ಮುಚ್ಚುವ ಸೌಲಭ್ಯ ಇದರಲ್ಲಿಲ್ಲ, ಎಲ್ಲರಿಗೂ ಒಂದೇ. ಈಗ ಕೆಲಸ ಮಾಡುತ್ತಲೇ ಬೇರೆ ಕೆಲಸ ಹುಡುಕುತ್ತಿರುವವರಿಗೆ ಆಫ್ ಇಡುವುದೇ ನೆಮ್ಮದಿ. ಹೊಸದಾಗಿ ಹುಡುಕುವವರು ಆನ್ ಇಡಲಿ ಅಂತ ನನ್ನ ಅಭಿಪ್ರಾಯ, ಕಡೇಪಕ್ಷ ಚಾಟ್ ತೆರೆದಿದೆ ಅಂತಾದರೂ ತಿಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಮೇಲಿನ ಯಾವ ಲಕ್ಷಣಕ್ಕೂ ಪಾಸ್‌ವರ್ಡ್, ಓಟಿಪಿ, ದುಡ್ಡು ಬೇಕಾಗುವುದಿಲ್ಲ. ಯಾರಾದರೂ ಕೇಳಿದರೆ ಅಲ್ಲೇ ನಿಲ್ಲಿಸಿ.

"ಯಾರು ಓದಿದರು ಅಂತ ತೋರಿಸುತ್ತೇವೆ" ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್, ಆ್ಯಪ್ ಹಾಕಿಕೊಳ್ಳಬೇಡಿ. ಎದುರಿನವರು ಆಫ್ ಮಾಡಿದ್ದನ್ನು ಅವು ತೋರಿಸಲಾರವು. ಲಾಗಿನ್ ಆಗಿರುವ ನಿಮ್ಮ ಖಾತೆಗೆ ಮಾತ್ರ ಬೀಗದ ಕೈ ಸಿಕ್ಕಂತಾಗುತ್ತದೆ. ಇಂಥವನ್ನು ಬಳಸುವುದು ಲಿಂಕ್ಡ್‌ಇನ್ ನಿಯಮಕ್ಕೂ ವಿರುದ್ಧ, ಖಾತೆಗೆ ನಿರ್ಬಂಧ ಬೀಳಬಹುದು.

ನೀವು ಬರೆಯದ ಮೆಸೇಜುಗಳು ನಿಮ್ಮ ಹೆಸರಿನಲ್ಲಿ ಹೋಗಿವೆ, ನೀವು ತೆರೆಯದ ಚಾಟುಗಳು ಓದಿದಂತೆ ಕಾಣುತ್ತಿವೆ ಅಂದರೆ ಅದು ಸೆಟ್ಟಿಂಗಿನ ವಿಷಯವಲ್ಲ. ಖಾತೆಯೊಳಗೆ ಬೇರೆ ಯಾರೋ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಸೈನ್ ಇನ್ ಅಂಡ್ ಸೆಕ್ಯೂರಿಟಿ ತೆರೆದು ಎಲ್ಲೆಲ್ಲಿ ಲಾಗಿನ್ ಆಗಿದೆ ನೋಡಿ. ಸೈಬರ್ ಕೆಫೆಯಲ್ಲೋ ಕಾಲೇಜ್ ಲ್ಯಾಬಿನಲ್ಲೋ ಬಿಟ್ಟುಬಂದ ಲಾಗಿನ್ ಇದ್ದೀತು. ಎಲ್ಲವನ್ನೂ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಅಲ್ಲೇ ಇರುವ ಟು ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ. ಅದೂ ಆಗದಿದ್ದರೆ ಆ್ಯಪಿನೊಳಗಿನ ಹೆಲ್ಪ್ ಸೆಂಟರಿನಿಂದಲೇ ದೂರು ಬರೆಯಿರಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ. ಅಂಥ ನಂಬರುಗಳಲ್ಲಿ ಹೆಚ್ಚಿನವು ಮೋಸಗಾರರು ಹಾಕಿದ್ದು.

ಮೊದಲ ಮೆಸೇಜಿಗೇ ತಕ್ಷಣ ಉತ್ತರ, ಆಮೇಲೆ "ಟೆಲಿಗ್ರಾಂಗೆ ಬನ್ನಿ", ಆಮೇಲೆ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್. ಈ ಸರಣಿ ಕಂಡರೆ ಉತ್ತರ ಬರೆಯುವುದನ್ನು ನಿಲ್ಲಿಸಿ, ಆದರೆ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಆ ಪ್ರೊಫೈಲಿನ ಮೇಲೆ ರಿಪೋರ್ಟ್ ಹಾಕಿ. ದುಡ್ಡು ಈಗಾಗಲೇ ಹೋಗಿದ್ದರೆ ಮನೆಯವರಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಾ ಕೂರಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲಿ ಆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಟ್ರಾನ್ಸಾಕ್ಷನ್ ನಂಬರ್, ಹಣ ಹೋದ ಹೊತ್ತು, ಅವರ ಯುಪಿಐ ಐಡಿ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ. ಲೈನ್ ಸಿಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಹತ್ತಿರದ ಪೊಲೀಸ್ ಠಾಣೆಗೂ ಹೋಗಿ.